ತಿರುಗಿಯೂ ಸ್ಟಾರ್ಟ್ ಆಗದ ಬೈಕು

ಶ್ರೀನಿವಾಸಪುರದ ಮಾವಿನ ತೋಪಿನಿಂದ ಕೋಲಾರದ ಟೊಮ್ಯಾಟೊ ಮಾರುಕಟ್ಟೆಯವರೆಗೆ, ಮಾಲೂರು, ಮುಳಬಾಗಿಲಿನ ಹಳ್ಳಿಗಳ ಹಾಲಿನ ಡೇರಿಯವರೆಗೆ ದುಡಿಮೆ ಬೈಕನ್ನೇ ನೆಚ್ಚಿಕೊಂಡಿರುವುದರಿಂದ, ಎಂಜಿನ್ ತಿರುಗಿಯೂ ಹೊತ್ತಿಕೊಳ್ಳದಿದ್ದಾಗ ಸವಾರರು ಸೆಲ್ಫ್ ಗುಂಡಿಯನ್ನು ಒತ್ತುತ್ತಲೇ ಇರುವುದು ಸಹಜ. ಆದರೆ ಬ್ಯಾಟರಿಯನ್ನು ಬರಿದು ಮಾಡುವುದು ಇದೇ ಅಭ್ಯಾಸ. ಒಮ್ಮೆಗೆ 5 ಸೆಕೆಂಡಿಗಿಂತ ಹೆಚ್ಚು ಒತ್ತದೆ, ನಡುವೆ 10 ಸೆಕೆಂಡಾದರೂ ಬಿಡುವು ಕೊಡಬೇಕು.

ಎಂಜಿನ್ ತಿರುಗುತ್ತಿದೆ ಎಂದರೆ ಸ್ಟಾರ್ಟರ್ ಮೋಟಾರಿಗೆ ಕರೆಂಟು ಸಿಗುತ್ತಿದೆ ಎಂದಷ್ಟೇ ಅರ್ಥ. ಹೊತ್ತಿಕೊಳ್ಳಲು ಪೆಟ್ರೋಲು, ಗಾಳಿ, ಕಿಡಿ ಮತ್ತು ಸಂಪೀಡನ, ಅಂದರೆ ಪಿಸ್ಟನ್ ಈ ಮಿಶ್ರಣವನ್ನು ಅದುಮುವ ಒತ್ತಡ, ಇಷ್ಟೂ ಬೇಕು. ಟ್ಯಾಂಕಿನಲ್ಲಿ ಪೆಟ್ರೋಲಿದ್ದು ಎಂಜಿನ್ ಆರಿಸುವ ಕಿಲ್ ಸ್ವಿಚ್ ಸರಿಯಾಗಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುವುದು ಉತ್ತಮ, ಏಕೆಂದರೆ ಒಳಗಿನ ಸ್ಥಿತಿಯನ್ನು ಅಷ್ಟು ಸ್ಪಷ್ಟವಾಗಿ ಬೇರಾವುದೂ ಹೇಳದು. ಅದರ ತುದಿ ಒದ್ದೆಯಾಗಿದ್ದು ಪೆಟ್ರೋಲಿನ ವಾಸನೆ ಬಂದರೆ ಇಂಧನ ಹೆಚ್ಚಾಗಿದೆ ಅಥವಾ ಕಿಡಿ ಹುಟ್ಟುತ್ತಿಲ್ಲ. ಒಣಗಿದ್ದರೆ ಇಂಧನವೇ ತಲುಪಿಲ್ಲ. ಕಪ್ಪು ಮಸಿ ಕಟ್ಟಿದ್ದರೆ ಏರ್ ಫಿಲ್ಟರಿನಲ್ಲಿ ಧೂಳು ತುಂಬಿರುವ ಸಾಧ್ಯತೆಯುಂಟು, ಮಳೆ ಕಡಿಮೆಯಿರುವ ಈ ಬಯಲುಸೀಮೆಯ ಮಣ್ಣಿನ ದಾರಿಗಳಲ್ಲಿ ಓಡುವ ಬೈಕುಗಳಲ್ಲಿ ಇದನ್ನು ಮರೆಯಬಾರದು.

2020ರ ಏಪ್ರಿಲ್ 1ರಂದು ಜಾರಿಗೆ ಬಂದ, ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮದ ನಂತರದ ಹೆಚ್ಚಿನ ಬೈಕುಗಳಲ್ಲಿ ಕಾರ್ಬುರೇಟರಿನ ಬದಲು ಪೆಟ್ರೋಲನ್ನು ಅಳೆದು ಸಿಂಪಡಿಸುವ ಇಂಜೆಕ್ಟರ್ ಇರುವುದರಿಂದ, ಕೀಲಿ ತಿರುಗಿಸಿದೊಡನೆ ಟ್ಯಾಂಕಿನೊಳಗಿನ ಪಂಪಿನ ಸಣ್ಣ ಗುಂಯ್ಗುಟ್ಟುವಿಕೆ ಸಾಮಾನ್ಯವಾಗಿ ಕೇಳಿಸಬೇಕು. ಕೇಳಿಸದಿದ್ದರೆ ಮೊದಲು ಫ್ಯೂಸ್ ಪರೀಕ್ಷಿಸಬೇಕು. ಮೀಟರಿನಲ್ಲಿ ಎಂಜಿನ್ ಚಿತ್ರದ ದೀಪ ಆರದೆ ಉರಿಯುತ್ತಿದ್ದರೆ ವೈರುಗಳನ್ನು ಕೀಳಲು ಹೋಗದೆ, ದೋಷಸಂಕೇತ ಓದುವ ಉಪಕರಣವಿರುವ ಮೆಕ್ಯಾನಿಕ್ಕಿನ ಬಳಿಗೆ ಬೈಕನ್ನು ಒಯ್ಯಬೇಕು.