ರ‍್ಯಾಪಿಡ್ ಚೆಸ್: ಸೋಲು ತಗ್ಗಿಸಿ, ರೇಟಿಂಗ್ ಏರಿಸುವ ಹನ್ನೊಂದು ಸೂತ್ರಗಳು

2017ರ ಡಿಸೆಂಬರ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ವಿಶ್ವನಾಥನ್ ಆನಂದ್ ವಿಶ್ವ ರ‍್ಯಾಪಿಡ್ ಚಾಂಪಿಯನ್ ಆದರು. ಆಗ ಅವರಿಗೆ 48 ವರ್ಷ. ಎದುರಾಳಿಗಳಲ್ಲಿ ಅನೇಕರು ಅವರ ಅರ್ಧ ವಯಸ್ಸಿನ ಹುಡುಗರು. 15 ಸುತ್ತುಗಳಲ್ಲಿ ಆನಂದ್ ಗೆದ್ದದ್ದು ಆರು, ಡ್ರಾ ಮಾಡಿಕೊಂಡದ್ದು ಒಂಬತ್ತು, ಸೋತದ್ದು ಒಂದೂ ಇಲ್ಲ. ಕೊನೆಗೆ ಟೈಬ್ರೇಕ್‌ನಲ್ಲಿ ವ್ಲಾದಿಮಿರ್ ಫೆದೊಸೀವ್ ಅವರನ್ನು ಮಣಿಸಿ ಪಟ್ಟ ತಮ್ಮದಾಗಿಸಿಕೊಂಡರು.

ರಾತ್ರಿ ಊಟವಾದ ಮೇಲೆ ಮೊಬೈಲ್ ಹಿಡಿದು ನಾಲ್ಕು ಆಟ ಆಡುವ ನಮಗೂ ಈ ಲೆಕ್ಕದಲ್ಲೊಂದು ಪಾಠವಿದೆ. 800ರಿಂದ 1600 ರೇಟಿಂಗ್ ನಡುವಿನ ಆಟಗಳನ್ನು ಬಿಚ್ಚಿ ನೋಡಿ. ಬೆರಗುಗೊಳಿಸುವ ನಡೆಯಿಂದ ತೀರ್ಮಾನವಾದವು ಅಪರೂಪ. ಪುಕ್ಕಟೆ ಕೊಟ್ಟ ಕುದುರೆ, ಕಣ್ಣಿಗೆ ಬೀಳದ ಒಂಟೆ, ಮುಗಿದುಹೋದ ಗಡಿಯಾರ ಇವೇ ಹೆಚ್ಚಿನ ಆಟಗಳ ತೀರ್ಪುಗಾರರು. ಹಾಗಾಗಿ ಕೆಳಗಿನ ಸೂತ್ರಗಳೆಲ್ಲ ಒಂದೇ ಗುರಿಯತ್ತ ಹೋಗುತ್ತವೆ: ಮೊದಲು ಸೋಲುವುದನ್ನು ಕಡಿಮೆ ಮಾಡಿ.

1. ನಿಮ್ಮ ಶೈಲಿ ಯಾವುದೆಂದು ನಿಮ್ಮ ಆಟಗಳನ್ನೇ ಕೇಳಿ

"ನಂದು ಅಟ್ಯಾಕಿಂಗ್ ಆಟ" ಎನ್ನದ ಆಟಗಾರ ಸಿಗುವುದು ಕಷ್ಟ. ದಾಳಿಗೆ ಹೆಸರಾದ ಮಿಖಾಯಿಲ್ ತಾಲ್ ಅವರ ಆಟ ಮೆಚ್ಚುವುದು ಬೇರೆ, ಆಡುವುದು ಬೇರೆ. ಸೋತ ಕೊನೆಯ 20 ಆಟಗಳನ್ನು ತೆರೆಯಿರಿ. ಪ್ರತಿ ಆಟದ ಮುಂದೆ ಎರಡು ವಿಷಯ ಬರೆಯಿರಿ: ಸೋಲಿನ ಕಾರಣ, ಆಟ ಮುಗಿದಾಗ ನಿಮ್ಮ ಗಡಿಯಾರದಲ್ಲಿ ಉಳಿದಿದ್ದ ಸಮಯ. ಕಾರಣಕ್ಕೆ ನಾಲ್ಕೇ ಖಾನೆ ಸಾಕು: ಕಾಯಿ ಪುಕ್ಕಟೆ ಹೋಯಿತು, ಸಮಯ ಮುಗಿಯಿತು, ಓಪನಿಂಗ್‌ನಲ್ಲೇ ಸಿಕ್ಕಿಬಿದ್ದೆ, ಗೆಲ್ಲಬೇಕಿದ್ದ ಆಟ ಕೈಬಿಟ್ಟೆ.

ಚಿತ್ರ ತಾನಾಗಿ ಮೂಡುತ್ತದೆ. ಏಳು ನಿಮಿಷ ಬಾಕಿ ಇರುವಾಗಲೇ ರಾಣಿ ಕಳೆದುಕೊಳ್ಳುವವರು ಅವಸರದ ಆಟಗಾರರು. ಒಳ್ಳೆಯ ಸ್ಥಿತಿಯಲ್ಲಿದ್ದೂ ಸಮಯ ಮುಗಿದು ಸೋಲುವವರು ಅತಿಯಾಗಿ ಯೋಚಿಸುವವರು. ಹತ್ತು ನಡೆಯೊಳಗೆ ಎದುರಾಳಿಯನ್ನು ಬಲೆಗೆ ಬೀಳಿಸಲು ಹೋಗಿ ತಾವೇ ಬೀಳುವವರು ಬಲೆಗಾರರು. ರಾಣಿಯರು ಹೊರಹೋದ ಮೇಲೆ ದಾರಿ ತಪ್ಪುವವರು ಎಂಡ್‌ಗೇಮ್ ಕಲಿಯದವರು. ನೀವು ಯಾವ ಗುಂಪಿನವರೋ ಅದಕ್ಕೆ ತಕ್ಕ ಸೂತ್ರದಿಂದ ಶುರುಮಾಡಿ.

2. ಕಾಲಮಿತಿಯನ್ನು ಲೆಕ್ಕ ಹಾಕಿ ಆರಿಸಿ

ಅಂತರರಾಷ್ಟ್ರೀಯ ಚೆಸ್ ಫೆಡರೇಷನ್ 'ಫಿಡೆ'ಯ ನಿಯಮದಂತೆ ಒಬ್ಬೊಬ್ಬರಿಗೆ 10 ನಿಮಿಷಕ್ಕಿಂತ ಹೆಚ್ಚು, 60 ನಿಮಿಷಕ್ಕಿಂತ ಕಡಿಮೆ ಇದ್ದರೆ ಅದು ರ‍್ಯಾಪಿಡ್. ಚೆಸ್ ಡಾಟ್ ಕಾಂ, ಲಿಚೆಸ್‌ಗಳು 10 ನಿಮಿಷದ ಆಟವನ್ನೂ ಅದಕ್ಕೇ ಸೇರಿಸುತ್ತವೆ.

ಒಂದು ಆಟ 40 ನಡೆ ಎಂದುಕೊಳ್ಳಿ. ಬರೀ 10 ನಿಮಿಷದ ಆಟದಲ್ಲಿ ನಡೆಗೆ 15 ಸೆಕೆಂಡ್ ಸಿಗುತ್ತದೆ. 10+5ರಲ್ಲಿ, ಅಂದರೆ ಪ್ರತಿ ನಡೆಗೆ 5 ಸೆಕೆಂಡ್ ಸೇರುವ ಆಟದಲ್ಲಿ 20 ಸೆಕೆಂಡ್. 15+10ರಲ್ಲಿ ಸುಮಾರು 32 ಸೆಕೆಂಡ್, ಅಂದರೆ ಮೊದಲನೆಯದಕ್ಕಿಂತ ಎರಡು ಪಟ್ಟು ಜಾಸ್ತಿ. ನಡೆಗೊಮ್ಮೆ ಸಮಯ ಸೇರಿಸುವ ಇಂಥ ಗಡಿಯಾರಕ್ಕೆ ಬಾಬಿ ಫಿಶರ್ 1988ರಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದರು. 1992ರಲ್ಲಿ ಬೊರಿಸ್ ಸ್ಪಾಸ್ಕಿ ಜತೆಗಿನ ಮರುಪಂದ್ಯದಲ್ಲಿ ಅದನ್ನು ಬಳಸಿದರು. ಈಗ ವಿಶ್ವ ರ‍್ಯಾಪಿಡ್ ಚಾಂಪಿಯನ್‌ಷಿಪ್ ನಡೆಯುವುದೂ 15+10ರಲ್ಲೇ. ಕಲಿಯುವ ಹಂತದಲ್ಲಿ ನೀವೂ ಅದನ್ನೇ ಆರಿಸಿ. ಮೂರು ನಿಮಿಷದ ಬ್ಲಿಟ್ಜ್ ಮನರಂಜನೆಗಿರಲಿ.

3. ಸಮಯಕ್ಕೂ ಬಜೆಟ್ ಇರಲಿ

10 ನಿಮಿಷದ ಆಟಕ್ಕೆ ಮೂರು ಮೈಲಿಗಲ್ಲು ನೆನಪಿಡಿ. 10ನೇ ನಡೆಯಾದಾಗ 8 ನಿಮಿಷ, 20ಕ್ಕೆ 5 ನಿಮಿಷ, 30ಕ್ಕೆ ಎರಡೂವರೆ ನಿಮಿಷ ಉಳಿದಿರಬೇಕು. 15+10ರಲ್ಲಿ 20ನೇ ನಡೆ ಮುಗಿದಾಗ 9 ನಿಮಿಷ ಇದ್ದರೆ ಸರಿ. ಇದಕ್ಕಿಂತ ಕಡಿಮೆ ಉಳಿದಿದ್ದರೆ ಯೋಚನೆ ಮೊಟಕು ಮಾಡಿ. ಹೆಚ್ಚು ಉಳಿದಿದ್ದರೆ ಅದೂ ಎಚ್ಚರಿಕೆಯ ಗಂಟೆಯೇ. ಆರು ನಿಮಿಷ ಉಳಿಸಿಕೊಂಡು ಸೋಲುವುದೆಂದರೆ ಬ್ಯಾಂಕಿನಲ್ಲಿ ದುಡ್ಡಿಟ್ಟು ಉಪವಾಸ ಬಿದ್ದಂತೆ.

ಎಲ್ಲ ನಡೆಗೂ ಸಮಪಾಲು ಬೇಡ. ಹೊಡೆದ ಕಾಯಿಗೆ ಪ್ರತಿಯಾಗಿ ಹೊಡೆಯುವ ಒಂದೇ ದಾರಿಯಿದ್ದರೆ ಮೂರು ಸೆಕೆಂಡ್ ಸಾಕು. ರಾಣಿಯರ ವಿನಿಮಯ, ಕಾಯಿಯ ಬಲಿದಾನ, ನಡುಮನೆಯ ಕಾಲಾಳು ಮುಂದೆ ತಳ್ಳುವುದು ಇವು ಹಿಂದಿರುಗಿಸಲಾಗದ ನಿರ್ಧಾರಗಳು. ಇಂಥವು ಒಂದು ಆಟದಲ್ಲಿ ನಾಲ್ಕೈದು ಬರುತ್ತವೆ. ಒಂದೊಂದಕ್ಕೆ ನಿಮಿಷ ಕೊಟ್ಟರೂ ನಷ್ಟವಿಲ್ಲ.

4. ಕಾಯಿ ಮುಟ್ಟುವ ಮುನ್ನ ಮೂರು ಪ್ರಶ್ನೆ

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಗೆ ಆನ್‌ಲೈನ್ ಚೆಸ್‌ನಷ್ಟು ಸಾಕ್ಷಿ ಬೇರೆಲ್ಲೂ ಸಿಗದು. ನಡೆ ಮನಸ್ಸಿನಲ್ಲಿ ಗಟ್ಟಿಯಾದ ಮೇಲೆ, ಬೆರಳು ಆಡುವ ಮೊದಲು ಕೇಳಿಕೊಳ್ಳಿ: ಈ ನಡೆಯ ನಂತರ ಎದುರಾಳಿ ಯಾವ ಚೆಕ್ ಕೊಡಬಲ್ಲ? ಯಾವ ಕಾಯಿ ಹೊಡೆಯಬಲ್ಲ? ಯಾವುದನ್ನು ಹೆದರಿಸಬಲ್ಲ?

ಉದಾಹರಣೆ ನೋಡಿ. ಇಬ್ಬರೂ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿದ್ದಾರೆ. ಬಿಳಿಯ ರಾಣಿ ಎಚ್5ಕ್ಕೆ ಬಂದಿದೆ. ನೀವು ಕುದುರೆಯನ್ನು ಸಿ6ಕ್ಕೆ ತಂದು ಇ5ರ ಕಾಲಾಳು ಕಾದಿರಿ. ಬಿಳಿಯ ಒಂಟೆ ಸಿ4ಕ್ಕೆ ಬಂತು. ಈಗ ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತಂದು ರಾಣಿಯನ್ನು ಓಡಿಸೋಣ ಎನಿಸುತ್ತದೆ. ಹಾಗೆ ಮಾಡಿದರೆ ರಾಣಿ ಎಫ್7ಕ್ಕೆ ಹೊಡೆದು ಅಲ್ಲೇ ಚೆಕ್‌ಮೇಟ್. ಮೊದಲ ಪ್ರಶ್ನೆ ಕೇಳಿಕೊಂಡವರು ಜಿ6ಕ್ಕೆ ಕಾಲಾಳು ತಳ್ಳಿ ನೆಮ್ಮದಿಯಾಗಿ ಮುಂದುವರಿಯುತ್ತಾರೆ. ಐದು ಸೆಕೆಂಡಿನ ಈ ರೂಢಿಯೊಂದೇ ಅವಸರದ ಆಟಗಾರರ ಅನೇಕ ಸೋಲುಗಳನ್ನು ತಡೆಯಬಲ್ಲದು.

5. ಓಪನಿಂಗ್ ಮೂರೇ ಸಾಕು

ಬಿಳಿ ಕಾಯಿಗೆ ಒಂದು, ಕಪ್ಪು ಕಾಯಿಯಲ್ಲಿ ಎದುರಾಳಿ ಇ4 ಆಡಿದರೆ ಒಂದು, ಡಿ4 ಆಡಿದರೆ ಒಂದು. ದಿನಕ್ಕೊಂದು ವಿಡಿಯೊ ನೋಡಿ ವಾರಕ್ಕೊಂದು ಓಪನಿಂಗ್ ಬದಲಿಸುವವರು ಯಾವುದರಲ್ಲೂ ಕೈ ಕುದುರಿಸಿಕೊಳ್ಳುವುದಿಲ್ಲ.

ಆಯ್ಕೆ ಶೈಲಿಗೆ ಹೊಂದಲಿ. ತೆರೆದ ಆಟ, ಬೇಗ ಕ್ಯಾಸ್ಲಿಂಗ್, ನೇರ ದಾಳಿ ಇಷ್ಟವಾದರೆ ಇಟಾಲಿಯನ್ ಗೇಮ್. ಎದುರಾಳಿ ಏನೇ ಆಡಿದರೂ ಹೆಚ್ಚುಕಡಿಮೆ ಒಂದೇ ವ್ಯೂಹ ಕಟ್ಟಿ ಸಮಯ ಉಳಿಸಬೇಕೆಂದಿದ್ದರೆ ಲಂಡನ್ ಸಿಸ್ಟಂ. ಇ4ಕ್ಕೆ ಗಟ್ಟಿ ಉತ್ತರ ಬೇಕೆಂದರೆ ಕಾರೊ-ಕಾನ್. ಡಿ4ಕ್ಕೆ ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್.

ನಡೆಗಳ ಸಾಲು ಬಾಯಿಪಾಠ ಮಾಡುವುದಕ್ಕಿಂತ ಕಾಲಾಳುಗಳ ಉದ್ದೇಶ ತಿಳಿಯಿರಿ. ಕಾರೊ-ಕಾನ್‌ನಲ್ಲಿ ಬಿಳಿ ಇ5ಕ್ಕೆ ಕಾಲಾಳು ತಳ್ಳಿದರೆ ಕಪ್ಪು ಸಿ5ಕ್ಕೆ ತಳ್ಳಿ ಆ ಸಾಲಿನ ಬುಡಕ್ಕೆ ಪೆಟ್ಟು ಕೊಡಬೇಕು. ಇಟಾಲಿಯನ್‌ನಲ್ಲಿ ಬಿಳಿ ಸಿ3 ಆಡುವುದು ಮುಂದೆ ಡಿ4 ತಳ್ಳಲೆಂದು. ಈ ಒಂದು ಮಾತು ಗೊತ್ತಿದ್ದರೆ ಪುಸ್ತಕ ಮುಗಿದ ಮೇಲೂ ಆಟ ಮುಂದೆ ಸಾಗುತ್ತದೆ.

6. ದಿನಕ್ಕೆ 15 ನಿಮಿಷ ಒಗಟು

ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಪ್ರಕಟಿಸಿದ ಅಧ್ಯಯನ ಚೆಸ್ ಲೋಕದಲ್ಲಿ ಹೆಸರುವಾಸಿ. ನಿಜವಾದ ಆಟದ ಸ್ಥಿತಿಯನ್ನು ಕೆಲವೇ ಸೆಕೆಂಡ್ ತೋರಿಸಿದರೂ ಮಾಸ್ಟರ್ ಅದನ್ನು ಮತ್ತೆ ಜೋಡಿಸಬಲ್ಲವರಾಗಿದ್ದರು. ಕಾಯಿಗಳನ್ನು ಮನಬಂದಂತೆ ಹರಡಿದಾಗ ಹೊಸಬರಿಗೂ ಅವರಿಗೂ ಅಂಥ ವ್ಯತ್ಯಾಸವೇ ಉಳಿಯಲಿಲ್ಲ. ಅವರ ಬಲ ಇದ್ದದ್ದು ಕಂಡು ಪಳಗಿದ ವಿನ್ಯಾಸಗಳಲ್ಲಿ. ಒಗಟು ಬಿಡಿಸುವುದು ಆ ವಿನ್ಯಾಸಗಳನ್ನು ಕಣ್ಣಿಗೆ ಅಭ್ಯಾಸ ಮಾಡಿಸಲು.

ಲಿಚೆಸ್‌ನಲ್ಲಿ ನಿಜವಾದ ಆಟಗಳಿಂದ ತೆಗೆದ ಒಗಟುಗಳು ಉಚಿತವಾಗಿ ಸಿಗುತ್ತವೆ. ಫೋರ್ಕ್, ಪಿನ್, ಕೊನೆ ಸಾಲಿನ ಮೇಟ್ ಎಂದು ವಿಷಯವಾರು ಆರಿಸಿಕೊಳ್ಳಬಹುದು. ವೇಗಕ್ಕಿಂತ ಸರಿಯುತ್ತರ ಮುಖ್ಯ. ಎದುರಾಳಿಯ ಕೊನೆಯ ಉತ್ತರದವರೆಗೂ ಮನಸ್ಸಿನಲ್ಲಿ ನೋಡಿ, ಆಮೇಲೆ ಮೊದಲ ನಡೆ ಆಡಿ. ಊಹೆಯಿಂದ ಸಿಕ್ಕ ಉತ್ತರ ಕಲಿಕೆಯಲ್ಲ.

7. ಐದು ಎಂಡ್‌ಗೇಮ್ ಕರಗತವಾಗಲಿ

ಒಂದೇ ಆನೆಯಿಂದ ಮೇಟ್ ಮಾಡುವುದು. ರಾಜರು ಒಂದು ಮನೆ ಬಿಟ್ಟು ಮುಖಾಮುಖಿ ನಿಂತಾಗ ಯಾರು ಜಾಗ ಬಿಡಬೇಕೆಂಬ ಆಪೊಸಿಷನ್. ಓಡುತ್ತಿರುವ ಕಾಲಾಳನ್ನು ರಾಜ ಹಿಡಿಯಬಲ್ಲನೇ ಎಂದು ಹೇಳುವ ಚೌಕದ ನಿಯಮ. ಆನೆಯ ಆಟ ಗೆಲ್ಲಿಸುವ ಲುಸೆನಾ ಸ್ಥಿತಿ, ಡ್ರಾ ಉಳಿಸುವ ಫಿಲಿಡೋರ್ ಸ್ಥಿತಿ. ಎರಡು ವಾರದಲ್ಲಿ ಕಲಿಯಬಹುದಾದಷ್ಟು ಪಾಠವಿದು.

ಇದರ ಬೆಲೆ ಎಷ್ಟೆಂದು 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಜಗತ್ತೇ ನೋಡಿತು. ವಿಶ್ವ ಚಾಂಪಿಯನ್‌ಷಿಪ್‌ನ ಡಿಂಗ್ ಲಿರೆನ್ ಮತ್ತು ಗುಕೇಶ್ ನಡುವಿನ 14ನೇ ಆಟ ಡ್ರಾದತ್ತ ಸಾಗಿತ್ತು. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ಇಟ್ಟರು. ಗುಕೇಶ್ ಮೊದಲು ಆನೆಗಳ, ಆಮೇಲೆ ಒಂಟೆಗಳ ವಿನಿಮಯ ಮಾಡಿಸಿದರು. ಉಳಿದದ್ದು ರಾಜರು ಮತ್ತು ಕಾಲಾಳುಗಳು, ಗುಕೇಶ್ ಕಡೆ ಒಂದು ಕಾಲಾಳು ಹೆಚ್ಚು. ಆಟ ಅಲ್ಲಿಗೆ ಮುಗಿಯಿತು. ಕೊನೆಯ ದೊಡ್ಡ ಕಾಯಿ ವಿನಿಮಯಕ್ಕೆ ಕೈ ಹಾಕುವ ಮುನ್ನ ಕಾಲಾಳುಗಳ ಓಟ ಎಣಿಸಿ. ನಿಮ್ಮ 15+10ರಲ್ಲಿ ಹೆಚ್ಚು ಸಮಯ ಬೇಡುವ ಜಾಗವೂ ಇದೇ.

8. ಗೆಲ್ಲುವ ಆಟವನ್ನು ಗೆಲ್ಲಿ

ಒಂದು ಕಾಯಿ ಮುಂದಿದ್ದರೆ ದೊಡ್ಡ ಕಾಯಿಗಳ ವಿನಿಮಯಕ್ಕೆ ಮುಂದಾಗಿ, ಕಾಲಾಳುಗಳನ್ನು ಉಳಿಸಿಕೊಳ್ಳಿ. ಹಿಂದಿದ್ದರೆ ಇದರ ಉಲ್ಟಾ: ಕಾಲಾಳು ಹೊಡೆಸಿ, ಕಾಯಿ ಇಟ್ಟುಕೊಂಡು ಸಿಕ್ಕು ಹೆಚ್ಚಿಸಿ. ಒಂಟಿ ರಾಜನನ್ನು ರಾಣಿಯಿಂದ ಅಟ್ಟುವಾಗ ಅವನಿಗೆ ಓಡಾಡಲು ಒಂದು ಮನೆ ಉಳಿದಿದೆಯೇ ಎಂದು ಪ್ರತಿ ನಡೆಗೂ ನೋಡಿ. ಸ್ಟೇಲ್‌ಮೇಟ್ ಆದರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಇನ್ನೊಂದು ನಿಯಮವೂ ಗೊತ್ತಿರಲಿ. ನಿಮ್ಮ ಸಮಯ ಮುಗಿದಾಗ ಎದುರಾಳಿಯ ಬಳಿ ಬರೀ ರಾಜನಿದ್ದರೆ ಫಲಿತಾಂಶ ಡ್ರಾ. ಹಾಗಾಗಿ ಗಡಿಯಾರ ಬರಿದಾಗುತ್ತಿದ್ದರೆ ಅವನ ಕೊನೆಯ ಕಾಲಾಳು ಹೊಡೆಯುವುದು ಅರ್ಧ ಅಂಕ ಉಳಿಸುತ್ತದೆ.

9. ಪರದೆಯ ಮುಂದಿನ ಶಿಸ್ತು

ಬಸ್ಸಿನಲ್ಲಿ, ಮೆಟ್ರೊದಲ್ಲಿ ಒಗಟು ಬಿಡಿಸಿ, ರೇಟಿಂಗ್ ಆಟ ಬೇಡ. ನೆಟ್ ಕಡಿದರೂ ಗಡಿಯಾರ ಓಡುತ್ತಲೇ ಇರುತ್ತದೆ. ನೋಟಿಫಿಕೇಷನ್ ಮುಚ್ಚಿ. ಎದುರಾಳಿಯ ನಡೆಗೆ ಮೊದಲೇ ಉತ್ತರ ಒತ್ತಿಡುವ ಪ್ರಿಮೂವ್ ಅನ್ನು ಸೆಕೆಂಡುಗಳು ಉಳಿದಾಗ ಮಾತ್ರ ಬಳಸಿ. ಆಟದ ನಡುವೆ ಎಂಜಿನ್ ಸಹಾಯ ಪಡೆದರೆ ಖಾತೆ ಮುಚ್ಚುತ್ತದೆ, ಜತೆಗೆ ಕಲಿಕೆಯೂ ಮುಚ್ಚುತ್ತದೆ.

10. ಎರಡು ಸೋತರೆ ಎದ್ದುಬಿಡಿ

ಸೋತ ಸಿಟ್ಟಿನಲ್ಲಿ ಆಡುವ ಮೂರನೇ ಆಟದಲ್ಲಿ ಎದುರಾಳಿಗಿಂತ ಆ ಸಿಟ್ಟೇ ದೊಡ್ಡ ಶತ್ರು. ಸತತ ಎರಡು ಸೋತರೆ ಅಂದಿಗೆ ರೇಟಿಂಗ್ ಆಟ ನಿಲ್ಲಿಸಿ. ಕೊನೇರು ಹಂಪಿ 2024ರಲ್ಲಿ ನ್ಯೂಯಾರ್ಕ್‌ನ ವಿಶ್ವ ಮಹಿಳಾ ರ‍್ಯಾಪಿಡ್‌ನ ಮೊದಲ ಸುತ್ತೇ ಸೋತಿದ್ದರು. ಆದರೂ 11 ಸುತ್ತುಗಳಲ್ಲಿ 8.5 ಅಂಕ ಗಳಿಸಿ, 2019ರ ನಂತರ ಎರಡನೇ ಸಲ ಆ ಪಟ್ಟ ಗೆದ್ದರು. ಹಿಂದಿನ ಆಟವನ್ನು ಹಿಂದೆಯೇ ಬಿಡುವುದೂ ಅಭ್ಯಾಸದಿಂದ ಬರುವ ಕೌಶಲ.

ರೇಟಿಂಗ್‌ನ ಸಣ್ಣ ಏರಿಳಿತಕ್ಕೆ ಕಂಗೆಡಬೇಡಿ. ಸಮಬಲದವರ ನಡುವೆ, ಡ್ರಾ ಲೆಕ್ಕ ಬಿಟ್ಟರೆ, ನಾಲ್ಕು ಆಟಗಳನ್ನೂ ಸೋಲುವ ಸಾಧ್ಯತೆ 16ರಲ್ಲಿ ಒಂದು. ಆಟ ಕೆಡದೆಯೂ ಅದು ಆಗುತ್ತದೆ. ನಿಮಗಿಂತ 100 ಅಂಕ ಮೇಲಿರುವವರನ್ನು ಕಂಡು ಹೆದರಬೇಡಿ. ರೇಟಿಂಗ್ ಲೆಕ್ಕ ಹಾಕುವ ಎಲೊ ಸೂತ್ರದ ಪ್ರಕಾರ ಅಂಥವರೊಡನೆ 100 ಆಟ ಆಡಿದರೆ ನಿಮ್ಮ ಪಾಲಿಗೆ ಸುಮಾರು 36 ಅಂಕ ಬರಬೇಕು.

11. ವಾರಕ್ಕೆ ಆರು ಗಂಟೆ, ಆಟ ಐದೇ

ಆರು ದಿನ ಒಗಟು, ಒಟ್ಟು ಒಂದೂವರೆ ಗಂಟೆ. 15+10ರ ಐದು ಆಟ, ಸುಮಾರು ಎರಡೂವರೆ ಗಂಟೆ. ಪ್ರತಿ ಆಟದ ನಂತರ ಕಾಲು ಗಂಟೆ ಪರಿಶೀಲನೆ. ಎಂಡ್‌ಗೇಮ್‌ಗೆ ಅರ್ಧ ಗಂಟೆ, ಓಪನಿಂಗ್‌ಗೆ ಕಾಲು ಗಂಟೆ.

ಪರಿಶೀಲನೆಯಲ್ಲಿ ಮೊದಲ ಐದು ನಿಮಿಷ ಎಂಜಿನ್ ಬೇಡ. ಆಟ ಎಲ್ಲಿ ತಿರುಗಿತು, ಆಗ ನೀವೇನು ಯೋಚಿಸಿದ್ದಿರಿ ಎಂದು ನೀವೇ ಗುರುತಿಸಿ. ನಂತರ ಎಂಜಿನ್ ಓಡಿಸಿ ಹೋಲಿಸಿ. ಅದು ತೋರುವ ಹತ್ತು ತಪ್ಪುಗಳಲ್ಲಿ ದೊಡ್ಡದೊಂದನ್ನು ಆರಿಸಿ, ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆಯಿರಿ. ಓಪನಿಂಗ್‌ನಲ್ಲಿ ದಾರಿ ತಪ್ಪಿದ್ದರೆ ಸರಿಯಾದ ಒಂದೇ ನಡೆ ಕಲಿತು ಮುಂದಿನ ಆಟದಲ್ಲಿ ಬಳಸಿ.

ವಾರಕ್ಕೆ ಐದೇ ಆಟ ಎಂದರೆ ಕಡಿಮೆ ಎನಿಸಬಹುದು. ಆದರೆ ಮೂರು ತಿಂಗಳಿಗೆ ಅದು ಸುಮಾರು 60 ಆಟ, 60 ಸಾಲು. ಆ ಸಾಲುಗಳಲ್ಲಿ ಮತ್ತೆ ಮತ್ತೆ ಬರುವ ತಪ್ಪು ಯಾವುದೋ, ಮುಂದಿನ ಮೂರು ತಿಂಗಳ ಪಾಠ ಅದೇ.