ಸ್ತನ ಕ್ಯಾನ್ಸರ್: ಚಿಕಿತ್ಸೆ ಮುಗಿದ ಮೇಲೆ ಏನು?

ಮನೆಯಲ್ಲಿ ಯಾರಿಗಾದ್ರೂ ಸ್ತನ ಕ್ಯಾನ್ಸರ್ ಅಂತ ಗೊತ್ತಾದಾಗ ನಾವು ಮೊದಲು ಕೇಳೋದು, 'ಗುಣ ಆಗುತ್ತಾ?' ಅಂತ. ವೈದ್ಯಲೋಕ ಇದಕ್ಕೆ ಸಾಮಾನ್ಯವಾಗಿ ಐದು ವರ್ಷದ ಬದುಕುಳಿಯುವ ಪ್ರಮಾಣದ ಲೆಕ್ಕ ಕೊಡುತ್ತದೆ. ಅಮೆರಿಕದಲ್ಲಿ ಇದು ಎಲ್ಲ ಹಂತ ಸೇರಿ ಸುಮಾರು ಶೇ. 90. ಗಡ್ಡೆ ಸ್ತನದಲ್ಲೇ ಇದ್ದಾಗ ಪತ್ತೆಯಾದರೆ ಸುಮಾರು ಶೇ. 99, ದೂರದ ಅಂಗಗಳಿಗೆ ಹರಡಿದ್ದರೆ ಸುಮಾರು ಶೇ. 30. ಭಾರತದಲ್ಲಿ 2010-14ರಲ್ಲಿ ಪತ್ತೆಯಾದವರಲ್ಲಿ ಸುಮಾರು ಶೇ. 66. ನಮ್ಮಲ್ಲಿ ತುಂಬಾ ಜನ ತಡವಾಗಿ ಆಸ್ಪತ್ರೆಗೆ ಹೋಗೋದು ಇದಕ್ಕೊಂದು ಮುಖ್ಯ ಕಾರಣ. ಐದು ವರ್ಷ ಅನ್ನೋದು ಆಯಸ್ಸಿನ ಗಡುವಲ್ಲ, ಅಳತೆಗೆ ಇಟ್ಟುಕೊಂಡ ಗುರುತು ಅಷ್ಟೇ.

ಚಿಕಿತ್ಸೆ ಮುಗಿದ ಮೇಲೂ ಕೆಲವು ತೊಂದರೆ ಬರಬಹುದು. ಅದರಲ್ಲಿ ಒಂದು ಲಿಂಫೆಡಿಮಾ, ಅಂದ್ರೆ ಕೈ ಊತ. ರಕ್ತಕ್ಕೆ ಹೃದಯ ಅನ್ನೋ ಪಂಪ್ ಇದೆ. ದುಗ್ಧರಸಕ್ಕೆ ಅಂಥ ಪಂಪ್ ಇಲ್ಲ. ನಾಳಗಳ ಸಂಕೋಚನ, ಸ್ನಾಯುಗಳ ಒತ್ತಡ ಮತ್ತು ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟಗಳಿಂದಲೇ ಅದು ಮುಂದೆ ಸಾಗಬೇಕು. ಕಂಕುಳಿನ ಗ್ರಂಥಿಗಳನ್ನು ತೆಗೆದಾಗ ಅಥವಾ ಅಲ್ಲಿಗೆ ವಿಕಿರಣ ಕೊಟ್ಟಾಗ ದಾರಿ ಕಿರಿದಾಗಿ ದ್ರವ ಕೈಯಲ್ಲೇ ನಿಲ್ಲುತ್ತದೆ. ಗ್ರಂಥಿಗಳನ್ನು ಪೂರ್ತಿ ತೆಗೆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇದು ಬರುತ್ತದೆ, ಕೆಲವೊಮ್ಮೆ ವರ್ಷಗಳ ನಂತರ. ಮೊದಲ ಒಂದೆರಡು ಗ್ರಂಥಿ ಮಾತ್ರ ಪರೀಕ್ಷಿಸುವ ಸೆಂಟಿನೆಲ್ ಬಯಾಪ್ಸಿಯಲ್ಲಿ ಅಪಾಯ ಬಹಳ ಕಡಿಮೆ.

ಹಾಗಂತ 'ಆ ಕೈಯಲ್ಲಿ ಏನೂ ಎತ್ತಲೇಬೇಡ' ಅನ್ನೋದು ಹಳೇ ಮಾತು. ಮಾರ್ಗದರ್ಶನದಲ್ಲಿ ನಿಧಾನವಾಗಿ ಭಾರ ಹೆಚ್ಚಿಸುವ ವ್ಯಾಯಾಮದಿಂದ ಊತ ಹೆಚ್ಚಾಗಲಿಲ್ಲ ಎಂದು 2009ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಎಷ್ಟು, ಹೇಗೆ ಅನ್ನೋದನ್ನ ಫಿಸಿಯೋಥೆರಪಿಸ್ಟ್ ಹೇಳಬೇಕು.

ಇನ್ನೂ ಕೆಲವು ತೊಂದರೆಗಳಿವೆ. ಡಾಕ್ಸೊರುಬಿಸಿನ್, ಟ್ರಾಸ್ಟುಜುಮ್ಯಾಬ್ ಔಷಧಗಳು ಹೃದಯದ ಶಕ್ತಿ ಕುಂದಿಸಬಹುದು, ಅದಕ್ಕೇ ಎಕೋ ಪರೀಕ್ಷೆ ಮಾಡ್ತಾರೆ. ಟ್ಯಾಕ್ಸೇನ್‌ಗಳಿಂದ ಬೆರಳು ಜೋಮು ಹಿಡಿಯಬಹುದು. ಅರೊಮಟೇಸ್ ತಡೆಯುವ ಮಾತ್ರೆಗಳಿಂದ ಮೂಳೆ ಸವೆದು ಕೀಲು ನೋಯಬಹುದು. ಹಾಗಾದಾಗ ಮಾತ್ರೆ ತಾವಾಗಿಯೇ ಬಿಡಬಾರದು, ವೈದ್ಯರು ಬೇರೆ ಮಾತ್ರೆ ಕೊಡಬಲ್ಲರು.

'ಎಲ್ಲಾ ಮುಗೀತಲ್ಲ, ಇನ್ನೇನು' ಅಂತ ನಾವಂದ್ರೆ ಅಮ್ಮಂದಿರು ಸುಸ್ತು, ಮರೆವು, ನೋವು ಹೇಳಿಕೊಳ್ಳೋದೇ ಇಲ್ಲ. ರಜೆಗೆ ಊರಿಗೆ ಹೋದಾಗ ಕೇಳೋಣ: ಬಳೆ ಬಿಗಿಯಾಗ್ತಿದೆಯಾ? ತೋಳು ಭಾರ ಅನ್ಸುತ್ತಾ? ಕೈ ಕೆಂಪಾಗಿ, ಬಿಸಿಯಾಗಿ, ಜ್ವರವೂ ಬಂದರೆ ಅದು ಸೋಂಕಿರಬಹುದು, ಅವತ್ತೇ ವೈದ್ಯರ ಬಳಿ ಕರೆದೊಯ್ಯಬೇಕು.