ಹೊಗೆ ಕಂಡಾಗಲೇ ಹೊರಡಿ

ಅಮೆರಿಕದ ವಿಸ್ಕಾನ್ಸಿನ್‌ನ ಪೆಷ್ಟಿಗೊ ಊರನ್ನು 1871ರ ಅಕ್ಟೋಬರ್ 8ರ ರಾತ್ರಿ ಕಾಡ್ಗಿಚ್ಚು ನುಂಗಿತು. ಸುತ್ತಮುತ್ತ ಸತ್ತವರು ಸಾವಿರಕ್ಕೂ ಹೆಚ್ಚು. ಅದೇ ರಾತ್ರಿ ಷಿಕಾಗೋ ಹೊತ್ತಿ ಉರಿದದ್ದರಿಂದ ಇವರ ಸುದ್ದಿ ಮೂಲೆ ಸೇರಿತು. ಬದುಕುಳಿದ ಪಾದ್ರಿ ಪೀಟರ್ ಪರ್ನಿನ್ ಬರೆದಿಟ್ಟದ್ದನ್ನು ದಯವಿಟ್ಟು ಓದಿ. ವಾರಗಟ್ಟಲೆ ಊರ ಸುತ್ತ ಹೊಗೆಯಾಡುತ್ತಿತ್ತು. ಜನ ಅದಕ್ಕೆ ಒಗ್ಗಿಹೋಗಿದ್ದರು. ಕೊನೆಗೆ ಬೆಂಕಿ ನುಗ್ಗಿದಾಗ ಹೊಳೆಯ ದಡ ಮುಟ್ಟಿದವರೂ ಆಕಾಶ ನೋಡುತ್ತ ಮರಗಟ್ಟಿ ನಿಂತುಬಿಟ್ಟರು. ಪರ್ನಿನ್ ಪಕ್ಕದವರನ್ನು ನೀರಿಗೆ ತಳ್ಳಿದರೆ, ಒಬ್ಬರು ಒದ್ದೆಯಾದೆನೆಂದು ಗೊಣಗುತ್ತ ಮತ್ತೆ ದಡಕ್ಕೆ ಹಾರಿದರಂತೆ! ಐದು ಗಂಟೆಗೂ ಮಿಕ್ಕಿ ನೀರಿನಲ್ಲಿ ನಿಂತು, ತಲೆಗೆ ನೀರೆರಚಿಕೊಳ್ಳುತ್ತಲೇ ಪರ್ನಿನ್ ಉಳಿದದ್ದು.

ಕಾಡಂಚಿನಲ್ಲಿರುವವರೇ, ಹೊಗೆ ಮಾಮೂಲಿ ಅನ್ನಿಸಿದಾಗಲೇ ಹೆಚ್ಚು ಎಚ್ಚರವಾಗಿರಿ. ಹೊರಡಲು ಎರಡು ದಾರಿ, ಎಲ್ಲರೂ ಸೇರುವ ಬಯಲು ಯಾವುದೆಂದು ಇವತ್ತೇ ಮನೆಯಲ್ಲಿ ಮಾತಾಡಿಕೊಳ್ಳಿ.